ಕೋವಿಗಿಂತ ಮೊದಲು ಸ್ಟ್ಯಾಂಡ್: ರೈಫಲ್ ಶೂಟಿಂಗ್ ಈ ಭಾಗದ ಮಕ್ಕಳಿಗೆ ಎಟಕುವ ದಾರಿ ಯಾವುದು?

ಹೊಸ ಅಗ್ರಹಾರ: ಕೋವಿ ಅಂದ ಕೂಡಲೇ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಜನಕ್ಕೆ ನೆನಪಾಗೋದು ಮೂರು ವಿಷಯ. ಒಂದು, ಬೆಳೆ ಕಾಯೋಕೆ ಅಂತ ಅಪ್ಪನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ ಹಳೇ ಬಂದೂಕು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಕೊಟ್ಟು ರಸೀದಿ ತರುವ ಕೆಲಸ. ಎರಡು, ಕಾಡಂಚಿನ ಊರುಗಳಲ್ಲಿ ಕೇಳಿಬರುವ ಬೇಟೆ ಕೇಸುಗಳು. ಮೂರು, ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತ ಬಂದಾಗ ಪಕ್ಕದ ಕೊಡಗಿನ ಊರೂರಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ 3 ಪೊಸಿಷನ್ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು. ಅವರು ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವರು, ಮೇಷ್ಟ್ರ ಮಗ, ರೈಲ್ವೆ ನೌಕರ. 2023ರಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಹದಿಹರೆಯದಲ್ಲೇ 10 ಮೀಟರ್ ಏರ್ ರೈಫಲ್‌ನಲ್ಲಿ ದೇಶಕ್ಕೆ ಒಲಿಂಪಿಕ್ಸ್ ಕೋಟಾ ತಂದರು. 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ನಿಂಗ್ಬೋ ವಿಶ್ವಕಪ್‌ನಲ್ಲಿ ಕರ್ನಾಟಕದ ಮೇಘನಾ ಸಜ್ಜನರ್ ಅದೇ ಏರ್ ರೈಫಲ್‌ನಲ್ಲಿ ಕಂಚು ಪಡೆದರು. ಇದನ್ನೆಲ್ಲ ಮೊಬೈಲಿನಲ್ಲಿ ನೋಡಿದ ಮಕ್ಕಳು ಮನೆಯಲ್ಲಿ ಒಂದು ಮಾತು ಎತ್ತುತ್ತಾರೆ: ‘ನಾನೂ ಶೂಟಿಂಗ್ ಕಲೀಬೇಕು.’

ಅಪ್ಪ-ಅಮ್ಮ ಮಾಡುವ ಮೊದಲ ಕೆಲಸ ಕೋವಿಯ ರೇಟು ಕೇಳೋದು. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಪಂದ್ಯಕ್ಕೆ ಬಳಸುವ ಏರ್ ರೈಫಲ್‌ಗಳು ಬಹುಪಾಲು ಜರ್ಮನಿಯ ಫೈನ್‌ವರ್ಕ್‌ಬೌ, ವಾಲ್ಥರ್, ಆನ್‌ಶುಟ್ಸ್ ಕಂಪನಿಯವು. ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಒಂದು ಸೀಸನ್ ಹೊಗೆಸೊಪ್ಪು ಮಾರಿದ ದುಡ್ಡು ಒಂದು ಕೋವಿಗೆ ಹೋದರೆ ಸಂಸಾರ ನಡೆಯೋದು ಹೇಗೆ?

ಆದರೆ ಈ ಆಟವನ್ನು ಹತ್ತಿರದಿಂದ ನೋಡಿದರೆ, ಕೋವಿಯ ರೇಟಿನಿಂದ ಲೆಕ್ಕ ಶುರು ಮಾಡೋದೇ ತಪ್ಪು ಅನ್ನಿಸುತ್ತದೆ. ಕೋವಿಯ ಸುತ್ತ ಇರುವ ಸಾಮಾನು, ಅಂದರೆ ಸ್ಟ್ಯಾಂಡ್, ಮೇಜು, ದಿಂಬು, ಸುರಕ್ಷತಾ ದಾರ, ಗೋಡೆ, ದೀಪ, ಇವು ಇಲ್ಲೇ ತಯಾರಾಗುವಂಥವು. ಕೋವಿ ಮಾತ್ರ ಹೊರಗಿಂದ ಬರಬೇಕು. ಅದನ್ನು ಹತ್ತು ಮಕ್ಕಳು ಹಂಚಿಕೊಳ್ಳಬಹುದು.

ಸ್ಟ್ಯಾಂಡ್ ಮೇಲಿಟ್ಟು ಹೊಡೆದರೆ ಅದೇನು ದೊಡ್ಡ ವಿಷಯ?

ಟಿವಿಯಲ್ಲಿ ನೋಡಿದವರು ಕೇಳುವ ಮೊದಲ ಪ್ರಶ್ನೆ ಇದು. ಶೂಟರ್ ಪಕ್ಕದಲ್ಲಿ ಒಂದು ಕಂಬ, ಅದರ ತುದಿಯಲ್ಲಿ ಕವೆ, ಕವೆಯ ಮೇಲೆ ರೈಫಲ್. ಅದರ ಮೇಲಿಟ್ಟೇ ಗುರಿ ಹಿಡಿದು ಹೊಡೆಯುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ಹಾಗಲ್ಲ. ಗುಂಡು ಹಾರುವ ಹೊತ್ತಿನಲ್ಲಿ ರೈಫಲ್ ಪೂರ್ತಿ ಶೂಟರ್ ಕೈ ಮತ್ತು ಹೆಗಲ ಮೇಲಿರಬೇಕು. ಸ್ಟ್ಯಾಂಡ್ ಇರೋದು ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಭಾರ ಇಳಿಸಿಕೊಳ್ಳೋಕೆ. ಗದ್ದೆಯಲ್ಲಿ ಹುಲ್ಲಿನ ಹೊರೆ ಹೊತ್ತವರು ದಾರಿ ಮಧ್ಯೆ ಕಲ್ಲಿಗೆ ಆನಿಸಿ ಉಸಿರು ಬಿಟ್ಟುಕೊಂಡ ಹಾಗೆ. ಹಿಂದಿನವರು ದಾರಿ ಬದಿಯಲ್ಲಿ ಹೊರೆಗಲ್ಲು ನೆಟ್ಟಿದ್ದರಲ್ಲ, ಶೂಟಿಂಗ್ ಸ್ಟ್ಯಾಂಡ್ ಕೂಡ ಒಂದು ಹೊರೆಗಲ್ಲೇ.

ಲೆಕ್ಕ ಹಾಕಿದರೆ ಅದರ ಬೆಲೆ ಗೊತ್ತಾಗುತ್ತದೆ. ಏರ್ ರೈಫಲ್ ತೂಕ 5.5 ಕೆಜಿ ಮೀರಬಾರದು ಅನ್ನೋದು ಅಂತರರಾಷ್ಟ್ರೀಯ ನಿಯಮ. ಸುಮಾರು 5 ಕೆಜಿ ಅಂತಲೇ ಇಟ್ಟುಕೊಳ್ಳಿ. ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ 60 ಹೊಡೆತ. ಅಂದರೆ 60 ಸಲ ಎತ್ತಿದರೆ 300 ಕೆಜಿ, 50 ಕೆಜಿಯ ಡಿಎಪಿ ಮೂಟೆ ಆರು ಎತ್ತಿದ ಹಾಗೆ. ಗುರಿ ಸರಿಯಾಗದೆ ಅರ್ಧದಲ್ಲೇ ಇಳಿಸಿ ಮತ್ತೆ ಎತ್ತಿದ್ದು ಬೇರೆ ಲೆಕ್ಕ.

ಗುರಿಯೋ, 10 ಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರ್ ಚುಕ್ಕೆ. ರಾಗಿ ಕಾಳಿಗಿಂತ ಸಣ್ಣದು. ತೋಳು ಸೋತು ಕೈ ಒಂದು ಕೂದಲೆಳೆ ನಡುಗಿದರೂ 10 ಹೋಗಿ 9 ಆಗುತ್ತದೆ. ಹೊಡೆತದ ನಡುವೆ ತೋಳು, ಸೊಂಟ, ಬೆನ್ನಿಗೆ ಬಿಡುವು ಸಿಗದಿದ್ದರೆ ಕೊನೆಯ 20 ಹೊಡೆತ ಕೈಬಿಟ್ಟ ಹಾಗೆಯೇ. ಸ್ಟ್ಯಾಂಡ್ ಶೋಕಿಗೆ ಇಡುವ ವಸ್ತು ಅಲ್ಲ. ಬೆಳೆಯುವ ವಯಸ್ಸಿನ ಮಕ್ಕಳ ಬೆನ್ನಿಗಂತೂ ಅದು ಬೇಕೇ ಬೇಕು.

ನಿಯಮ ಎಷ್ಟು ಬಿಡುತ್ತದೆ?

ಅಂತರರಾಷ್ಟ್ರೀಯ ಶೂಟಿಂಗ್ ಸ್ಪೋರ್ಟ್ ಫೆಡರೇಷನ್ನಿನ ನಿಯಮದಲ್ಲಿ ಸ್ಟ್ಯಾಂಡಿಗೆ ಜಾಗವಿದೆ. ಜೊತೆಗೆ ಷರತ್ತೂ ಇದೆ. ಹೊಡೆತಗಳ ನಡುವೆ ರೈಫಲ್ ಇಡಲು ಮಾತ್ರ ಬಳಸಬೇಕು. ಶೂಟರ್ ನೆಟ್ಟಗೆ ನಿಂತಾಗ ಸ್ಟ್ಯಾಂಡಿನ ಯಾವ ಭಾಗವೂ ಹೆಗಲಿಗಿಂತ ಮೇಲೆ ಇರಬಾರದು. ನಿಂತು ಹೊಡೆಯುವ ಸ್ಪರ್ಧೆಯಲ್ಲಿ ಮೇಜಿನ ಮುಂದೆ ಇಡುವ ಹಾಗಿಲ್ಲ. ಎಡಬಲದ ಶೂಟರ್‌ಗೆ ಅಡ್ಡ ಬರಬಾರದು. ರೈಫಲ್ ಸ್ಟ್ಯಾಂಡ್ ಮೇಲಿದ್ದಾಗಲೂ ಶೂಟರ್ ಅದನ್ನು ಕೈಯಲ್ಲಿ ಹಿಡಿದಿರಲೇಬೇಕು.

ಕೊನೆಯ ಷರತ್ತನ್ನು ಹೊಸಬರು ಮರೆಯುತ್ತಾರೆ. ಸ್ಟ್ಯಾಂಡ್ ಇದೆಯಲ್ಲ ಅಂತ ರೈಫಲ್ ಆನಿಸಿಟ್ಟು ನೀರು ಕುಡಿಯೋಕೆ ಹೋದರೆ ನಿಯಮ ಮುರಿದ ಹಾಗೆ. ಅದು ಬಿದ್ದರೆ ಲಕ್ಷದ ಮಾಲು ನೆಲಕ್ಕೆ. ನಳಿಕೆಯಲ್ಲಿ ಪೆಲೆಟ್ ಇದ್ದರಂತೂ ಅಪಾಯವೇ.

ಇದಕ್ಕೆ ಜೋಡಿಯಾಗಿ ಇನ್ನೊಂದು ಸಣ್ಣ ವಸ್ತು ಇದೆ, ಸುರಕ್ಷತಾ ದಾರ. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರವನ್ನು ನಳಿಕೆಯ ಉದ್ದಕ್ಕೂ ತೂರಿಸಿ ಎರಡೂ ಕಡೆ ಕಾಣುವಂತೆ ಬಿಡಬೇಕು. ದಾರ ಆಚೆ ಈಚೆ ಕಾಣುತ್ತಿದೆ ಅಂದರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಇದಿಲ್ಲದೆ ರೈಫಲ್ಲನ್ನು ಬಾಕ್ಸಿನಿಂದ ಹೊರಗಿಡುವ ಹಾಗೇ ಇಲ್ಲ. ಏರ್ ರೈಫಲ್ ನಳಿಕೆಯ ಒಳವ್ಯಾಸ 4.5 ಮಿಲಿಮೀಟರ್. ಕಳೆ ಕೊಯ್ಯುವ ಬ್ರಷ್ ಕಟರ್‌ಗೆ ಹಾಕುವ 2.4 ಮಿಲಿಮೀಟರ್ ನೈಲಾನ್ ದಾರ ಅದರಲ್ಲಿ ಸಲೀಸಾಗಿ ಹೋಗುತ್ತದೆ. ಹೊರದೇಶದ ಕ್ಲಬ್ಬುಗಳಲ್ಲೂ ಇದೇ ದಾರ ಕತ್ತರಿಸಿ ಬಳಸೋರಿದ್ದಾರೆ. ಯಾವುದೇ ಕೃಷಿ ಯಂತ್ರದ ಅಂಗಡಿಯಲ್ಲಿ ಸಿಗುವ ಸಾಮಾನು ಇದು.

ಸ್ಟ್ಯಾಂಡೇ ಆಸರೆಯಾಗುವ ಆಟ

ಸ್ಟ್ಯಾಂಡ್ ಮೇಲೆ ಇಟ್ಟುಕೊಂಡೇ ಹೊಡೆಯಲು ಅನುಮತಿ ಇರುವ ಒಂದು ವಿಭಾಗವೂ ಇದೆ. ಅದು ಪ್ಯಾರಾ ಶೂಟಿಂಗ್‌ನ ಎಸ್‌ಎಚ್2. ತೋಳಿನಲ್ಲಿ ರೈಫಲ್ ಭಾರ ಹೊರುವ ಶಕ್ತಿ ಇಲ್ಲದವರ ವಿಭಾಗ ಇದು. ಸ್ಪ್ರಿಂಗ್ ಇರುವ ಸ್ಟ್ಯಾಂಡ್ ರೈಫಲ್ಲಿನ ಭಾರ ಹೊರುತ್ತದೆ. ಗುರಿ ನಿಲ್ಲಿಸುವುದು, ಉಸಿರು ಹಿಡಿಯುವುದು, ಟ್ರಿಗರ್ ಒತ್ತುವುದು ಶೂಟರ್ ಕೆಲಸ. ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅನ್ನೋದು ಅವರ ದೇಹಸ್ಥಿತಿ ನೋಡಿ ನಿರ್ಧಾರವಾಗುತ್ತದೆ. ಪೆಲೆಟ್ ತುಂಬಲು ಸಹಾಯಕರನ್ನೂ ಇಟ್ಟುಕೊಳ್ಳಬಹುದು. ಸ್ಪ್ರಿಂಗ್ ಮೇಲೆ ಕೂತ ರೈಫಲ್ ಅಲ್ಲಾಡುತ್ತಲೇ ಇರುತ್ತದೆ, ಆದ್ದರಿಂದ ಅದನ್ನು ಸುಲಭ ಅನ್ನುವ ಹಾಗಿಲ್ಲ.

ಈ ವಿಭಾಗದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರು ತಂದವರು ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು, 2022ರಲ್ಲಿ ಫ್ರಾನ್ಸಿನ ಶಾತೋರೂ ಪ್ಯಾರಾ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಎಸ್‌ಎಚ್2 ಚಿನ್ನ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಆಡಿದರು.

ತಾಲ್ಲೂಕು ಮಟ್ಟದಲ್ಲಿ ಇದನ್ನು ಗಮನಿಸಬೇಕು. ಬೈಕ್ ಅಪಘಾತ, ತೆಂಗಿನ ಮರದಿಂದ ಬಿದ್ದ ಕೇಸು, ಹೀಗೆ ಹಾಸಿಗೆ ಅಥವಾ ಗಾಲಿಕುರ್ಚಿ ಹಿಡಿದ ಹುಡುಗರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರಿಗೆ ಕ್ರೀಡಾಕೂಟದಲ್ಲಿ ಇರುವ ಜಾಗ ಪ್ರೇಕ್ಷಕರ ಸಾಲು ಮಾತ್ರ. ಒಂದು ಕೋಣೆ, ಒಂದು ಮೇಜು, ಒಂದು ಸ್ಪ್ರಿಂಗ್ ಸ್ಟ್ಯಾಂಡ್ ಇದ್ದರೆ ಅವರೂ ಪೈಪೋಟಿ ಕೊಡಬಹುದಾದ ಆಟ ಇದು.

ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಳ್ಳುವ ಜಾಗ

ಮೊಬೈಲಿನಲ್ಲಿ ‘ರೈಫಲ್ ಸ್ಟ್ಯಾಂಡ್’ ಅಂತ ಹುಡುಕಿದರೆ ಹತ್ತಾರು ಮಾಲು ಬರುತ್ತವೆ. ಅದರಲ್ಲಿ ಬಹಳಷ್ಟು ಈ ಆಟದ್ದಲ್ಲ.

ನಳಿಕೆ ಕೆಳಗೆ ಕಟ್ಟುವ ಎರಡು ಕಾಲಿನ ಬೈಪಾಡ್ ಬರುತ್ತದೆ. ಏರ್ ರೈಫಲ್ ಪಂದ್ಯದಲ್ಲಿ ಅದನ್ನು ಕಟ್ಟಿಕೊಂಡು ಹೊಡೆಯುವ ಹಾಗಿಲ್ಲ. ಹೊರದೇಶಗಳಲ್ಲಿ ಬೇಟೆಗಾರರು ಬಳಸುವ ಮೂರು ಕೋಲಿನ ಕವೆ ಬರುತ್ತದೆ. ಅದೂ ಗುರಿ ಹಿಡಿಯುವಾಗ ಆನಿಸಿಕೊಳ್ಳೋಕೆ ಮಾಡಿದ್ದು, ಇಲ್ಲಿ ಕೆಲಸಕ್ಕೆ ಬರೋಲ್ಲ. ಮುಂದೆ ಒಂದು, ಹಿಂದೆ ಒಂದು ಆಸರೆ ಇರುವ ಬೆಂಚ್ ರೆಸ್ಟ್ ಬರುತ್ತದೆ. ಅದು ಕೋವಿಯನ್ನು ಪರೀಕ್ಷೆ ಮಾಡುವ ಸಾಧನ. ಇನ್ನು ಕೋವಿ ಗೋಡೆಗೆ ನೇತುಹಾಕುವ ಪ್ರದರ್ಶನದ ಸ್ಟ್ಯಾಂಡೂ ಅದೇ ಹೆಸರಿನಲ್ಲಿ ಸಿಗುತ್ತದೆ.

ಬೆಲ್ಟಿನ ವಿಷಯದಲ್ಲೂ ಹೀಗೇ. ಮೊಣಕಾಲೂರಿ ಮತ್ತು ಮಲಗಿ ಹೊಡೆಯುವಾಗ ತೋಳಿಗೆ ಸ್ಲಿಂಗ್ ಹಾಕಬಹುದು, ನಿಂತು ಹೊಡೆಯುವಾಗ ಇಲ್ಲ. ಏರ್ ರೈಫಲ್‌ನಲ್ಲಿ ನಿಂತೇ ಹೊಡೆಯೋದು, ಹಾಗಾಗಿ ಹೊಸಬರಿಗೆ ಸ್ಲಿಂಗ್ ಬೇಕಾಗಿಯೇ ಇಲ್ಲ.

ಬೇಕಾಗಿರೋದು ಒಂದೇ ಬಗೆಯದು: ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಕಂಬ, ಭಾರವಾದ ಬುಡ, ತುದಿಯಲ್ಲಿ ಮೆತ್ತೆ ಹಾಕಿದ ಕವೆ. ಅಷ್ಟೇ. ಇದಕ್ಕೆ ಹೊರದೇಶದ ಹೆಸರಿದ್ದರೆ ರೇಟು ಬೇರೆ, ಕೆಲಸ ಮಾತ್ರ ಅದೇ.

ಹುಣಸೂರಿನ ಗರಗಸ, ಪಿರಿಯಾಪಟ್ಟಣದ ವೆಲ್ಡಿಂಗ್

ಕೋವಿಯ ಸುತ್ತಲಿನ ಸಾಮಾನು ಮಾಡೋದು ಈ ಸೀಮೆಗೆ ಹೊಸದಲ್ಲ. 19ನೇ ಶತಮಾನದಲ್ಲಿ ಹುಣಸೂರು ಬ್ರಿಟಿಷ್ ಸೇನೆಯ ಸರಬರಾಜು ಕೇಂದ್ರವಾಗಿತ್ತು. ಅಮೃತಮಹಲ್ ದನಗಳ ಇಲಾಖೆಯ ಜೊತೆಗೆ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಘಟಕ, ಮರದ ಯಾರ್ಡ್ ಎಲ್ಲ ಇಲ್ಲೇ ಇದ್ದವು. ಸೈನಿಕರ ಚರ್ಮದ ಸಾಮಾನು, ಗಾಡಿಗಳು ಹುಣಸೂರಿನಿಂದ ಹೋಗುತ್ತಿದ್ದವು. 1864ರಲ್ಲಿ ಆ ಸಂಸ್ಥೆಯನ್ನು ಮುಚ್ಚಿದರು. ಕಸುಬು ಕಲಿತವರು ಮಾತ್ರ ಇಲ್ಲೇ ಉಳಿದು ಬೂಟು, ಕಂಬಳಿ, ಗಾಡಿ ಮಾಡುತ್ತಾ ಹೋದರು. ಮರದ ವ್ಯಾಪಾರ, ಸಾಮಿಲ್ಲು, ಪ್ಲೈವುಡ್ ಅಂದರೆ ಹುಣಸೂರು ಅನ್ನೋ ಹೆಸರು ಆಮೇಲೂ ಉಳಿಯಿತು.

ಇವತ್ತಿನ ಮಾತಿಗೆ ಬಂದರೆ, ಹೊಗೆಸೊಪ್ಪಿನ ಬ್ಯಾರನ್ನುಗಳಿಗೆ ಬಿಸಿಗಾಳಿ ಕೊಳವೆ ಸುತ್ತಿ ಕೊಡುವ, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವ ವರ್ಕ್‌ಶಾಪ್‌ಗಳು ಈ ತಾಲ್ಲೂಕುಗಳ ರಸ್ತೆ ಬದಿಯಲ್ಲೇ ಇವೆ. ಅವರಿಗೆ ಒಂದು ರೈಫಲ್ ಸ್ಟ್ಯಾಂಡ್ ಅರ್ಧ ದಿನದ ಕೆಲಸ. ಅಳತೆ ಸರಿಯಾಗಿ ಹೇಳಬೇಕು, ಅಷ್ಟೇ.

ಲೆಕ್ಕ ಹೀಗಿದೆ. 10 ಮೀಟರ್ ರೇಂಜಿನ ಮೇಜು 70ರಿಂದ 80 ಸೆಂಟಿಮೀಟರ್ ಎತ್ತರ ಇರುತ್ತದೆ. ಗುರಿಹಲಗೆಯ ನಡುಬಿಂದು ನೆಲದಿಂದ 140 ಸೆಂಟಿಮೀಟರ್. 160 ಸೆಂಟಿಮೀಟರ್ ಎತ್ತರದ ಹುಡುಗಿಯ ಹೆಗಲು ಸುಮಾರು 130 ಸೆಂಟಿಮೀಟರಿಗೆ ಬರುತ್ತದೆ. ಮೇಜು 75 ಸೆಂಟಿಮೀಟರ್ ಇದ್ದರೆ, ಅದರ ಮೇಲಿಡುವ ಸ್ಟ್ಯಾಂಡ್ ತುದಿ 55 ಸೆಂಟಿಮೀಟರ್ ದಾಟಬಾರದು. ಬೇರೆ ಬೇರೆ ಎತ್ತರದ ಮಕ್ಕಳು ಬಳಸಬೇಕು ಅಂದರೆ 35ರಿಂದ 55 ಸೆಂಟಿಮೀಟರ್‌ವರೆಗೆ ಏರಿಳಿಸುವ ಹಾಗಿರಲಿ.

ಬುಡಕ್ಕೆ 30 ಸೆಂಟಿಮೀಟರ್ ಚೌಕದ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಹಾಕಿದರೆ ಅದೊಂದೇ 4 ಕೆಜಿ ದಾಟುತ್ತದೆ, ಅಲ್ಲಾಡೋಲ್ಲ. ಕಂಬಕ್ಕೆ 25 ಮಿಲಿಮೀಟರ್ ಚೌಕ ಪೈಪು, ಅದರೊಳಗೆ ಜಾರುವ 20 ಮಿಲಿಮೀಟರ್ ಪೈಪು. ಎತ್ತರ ನಿಲ್ಲಿಸಲು ಬರೀ ತಿರುಪು ನಂಬಬಾರದು, ಅದು ಸಡಿಲಾಗಿ ಜಾರುತ್ತದೆ. ಎರಡೂ ಪೈಪಿಗೆ ತೂತು ಕೊರೆದು ಅಡ್ಡ ಪಿನ್ ಹಾಕಬೇಕು. ರೈಫಲ್ಲಿನ ಮುಂಗಟ್ಟು 6 ಸೆಂಟಿಮೀಟರ್‌ಗಿಂತ ಅಗಲ ಇರುವ ಹಾಗಿಲ್ಲ, ಆದ್ದರಿಂದ ಕವೆಯ ಒಳಗಲ 8 ಸೆಂಟಿಮೀಟರ್ ಸಾಕು. ಕವೆಗೆ ದಪ್ಪ ಫೋಮ್ ಅಥವಾ ಹಳೇ ಸೈಕಲ್ ಟ್ಯೂಬ್ ಸುತ್ತಬೇಕು. ವೆಲ್ಡಿಂಗ್ ಗಂಟು, ಚೂಪು ಅಂಚು ಎಲ್ಲ ಉಜ್ಜಿ ನಯ ಮಾಡಬೇಕು. ಬುಡದ ಕೆಳಗೆ ರಬ್ಬರ್ ಶೀಟ್ ಅಂಟಿಸಿದರೆ ಮೇಜೂ ಗೀರೋಲ್ಲ.

ಮರದ ಕೆಲಸದವರಿಗೆ ಮೇಜು ಇದೆ. ಟೈಲರಿಗೂ ಕೆಲಸವಿದೆ. ಮೊಣಕಾಲೂರಿ ಹೊಡೆಯುವ ಸ್ಪರ್ಧೆಗೆ ಪಾದದ ಗೆಣ್ಣಿನ ಕೆಳಗೆ ಇಡುವ ದುಂಡು ದಿಂಬು ಬೇಕು. ಅದರ ಉದ್ದ 25 ಸೆಂಟಿಮೀಟರ್, ವ್ಯಾಸ 18 ಸೆಂಟಿಮೀಟರ್ ಮೀರಬಾರದು ಅಂತ ನಿಯಮ. ಗಟ್ಟಿ ಬಟ್ಟೆಯ ಚೀಲ ಹೊಲಿದು ಒಳಗೆ ಮೆತ್ತನೆ ಪದಾರ್ಥ ತುಂಬಿದರೆ ಆಯ್ತು. ಎಲೆಕ್ಟ್ರಿಕಲ್ ಅಂಗಡಿಯವರಿಗೆ ದೀಪ: ಗುರಿಹಲಗೆ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು ಬೀಳಬೇಕು, ಶೂಟರ್ ಕಣ್ಣಿಗೆ ಚುಚ್ಚಬಾರದು.

ಇದರಿಂದ ಯಾವ ಅಂಗಡಿಯವನೂ ದಿಢೀರ್ ಶ್ರೀಮಂತ ಆಗೋಲ್ಲ. ತಾಲ್ಲೂಕಿಗೆ ಬೇಕಾಗೋದು ಐದೋ ಹತ್ತೋ ಸ್ಟ್ಯಾಂಡ್. ಆದರೆ ಮಗುವಿಗೆ ದಾರಿ ತೆರೆಯೋ ಮೊದಲ ಖರ್ಚು ಲಕ್ಷದಿಂದ ಸಾವಿರಕ್ಕೆ ಇಳಿಯುತ್ತದೆ. ಆ ದುಡ್ಡೂ ಊರಲ್ಲೇ ಉಳಿಯುತ್ತದೆ. ಸ್ಟ್ಯಾಂಡ್ ಮುರಿದರೆ ರಿಪೇರಿಗೆ ಬೆಂಗಳೂರಿಗೆ ಓಡಬೇಕಾಗಿಲ್ಲ.

ಒಂದು ಎಚ್ಚರಿಕೆ: ಎಸ್‌ಎಚ್2 ಸ್ಪ್ರಿಂಗ್ ಸ್ಟ್ಯಾಂಡನ್ನು ಅಂದಾಜಿನಲ್ಲಿ ಮಾಡಿಸಬಾರದು. ಅಭ್ಯಾಸಕ್ಕೆ ನಡೆದೀತು. ಪಂದ್ಯಕ್ಕೆ ಹೋಗುವ ಮೊದಲು ಕ್ಲಬ್ಬಿನವರಿಗೆ ತೋರಿಸಿ ನಿಯಮಕ್ಕೆ ಹೊಂದುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಲೈಸೆನ್ಸ್ ಬೇಕಾ? ಕಾಡಿನ ರಸ್ತೆಯಲ್ಲಿ ಒಯ್ಯಬಹುದಾ?

ಸ್ಟ್ಯಾಂಡಿಗೆ ಲೈಸೆನ್ಸ್ ಬೇಡ. ಕೋವಿಯ ವಿಷಯಕ್ಕೆ ಬಂದರೆ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಳವ್ಯಾಸ 4.5 ಮಿಲಿಮೀಟರ್ ಮೀರದ, ಹೊರಬೀಳುವ ಶಕ್ತಿ 20 ಜೂಲ್ ದಾಟದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಪಂದ್ಯದ ಏರ್ ರೈಫಲ್‌ಗಳ ಶಕ್ತಿ ಸುಮಾರು 7.5 ಜೂಲ್, ಅಂದರೆ ಮಿತಿಯ ಅರ್ಧವೂ ಇಲ್ಲ. ಆದರೆ 50 ಮೀಟರ್ ಸ್ಪರ್ಧೆಯ .22 ರೈಫಲ್ ಸಿಡಿಮದ್ದಿನ ಶಸ್ತ್ರ. ಅದಕ್ಕೆ ಲೈಸೆನ್ಸ್ ಬೇಕೇ ಬೇಕು.

ಇಲ್ಲಿ ಕೊಡಗಿನ ಲೆಕ್ಕ ಹಿಡಿಯಬಾರದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆ ವಿನಾಯಿತಿ ಅವರಿಗೆ ಮಾತ್ರ. ಕುಶಾಲನಗರದಲ್ಲಿ ನೆಂಟರ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇದೆ ಅಂತ ಪಿರಿಯಾಪಟ್ಟಣದ ಕಡೆಯವರು ಅದೇ ಧೈರ್ಯ ಮಾಡಿದರೆ ಕೇಸು ಖಂಡಿತ.

ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಏರ್ ರೈಫಲ್ ಆಟಿಕೆ ಆಗಲಿಲ್ಲ. ಹತ್ತಿರದಿಂದ ಬಿದ್ದರೆ ಕಣ್ಣು ಹೋಗುತ್ತದೆ. ಅದರಲ್ಲಿ ಹಕ್ಕಿ, ಮೊಲ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಬೇಟೆಯೇ. ಅರುಣಾಚಲ ಪ್ರದೇಶದಲ್ಲಿ ಏರ್ ಗನ್ನಿನಿಂದ ಹಕ್ಕಿಗಳು ಖಾಲಿಯಾಗುತ್ತಿವೆ ಅಂತ 2021ರಲ್ಲಿ ಸರ್ಕಾರವೇ ಜನರಿಂದ ಗನ್ ವಾಪಸ್ ಪಡೆಯುವ ಅಭಿಯಾನ ಶುರು ಮಾಡಬೇಕಾಯಿತು.

ಈ ಭಾಗದವರು ಮುಖ್ಯವಾಗಿ ನೆನಪಿಡಬೇಕಾದ್ದು ರಸ್ತೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವ ಹಾಗಿಲ್ಲ. ಹುಣಸೂರಿನಿಂದ ಆನೆಚೌಕೂರು ದಾಟಿ ತಿತಿಮತಿ-ಗೋಣಿಕೊಪ್ಪ, ನಾಗರಹೊಳೆ ಮೂಲಕ ಕುಟ್ಟ, ಎಚ್.ಡಿ. ಕೋಟೆಯಿಂದ ಬಾವಲಿ ಕಡೆ ಹೋಗುವ ರಸ್ತೆಗಳೆಲ್ಲ ನಾಗರಹೊಳೆ ಕಾಡಿನ ನಡುವೆ ಹೋಗುತ್ತವೆ. ಕಾರಿನ ಡಿಕ್ಕಿಯಲ್ಲಿ ರೈಫಲ್ ಬಾಕ್ಸ್ ಇಟ್ಟುಕೊಂಡು ಆ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕರೆ, ಒಳಗಿರುವುದು ಒಲಿಂಪಿಕ್ ಕೋವಿ ಅಂತ ಬಿಡಿಸಿ ಹೇಳುವಷ್ಟರಲ್ಲಿ ದಿನ ಕಳೆದಿರುತ್ತದೆ. ಕೊಡಗಿನ ಕಡೆ ಪಂದ್ಯಕ್ಕೆ ಹೋಗುವವರು ಪಿರಿಯಾಪಟ್ಟಣ-ಕುಶಾಲನಗರ ಹೆದ್ದಾರಿ ಹಿಡಿಯೋದು ಕ್ಷೇಮ. ಬಾಕ್ಸ್ ಬೀಗ, ಖರೀದಿ ಬಿಲ್ಲು, ಕ್ಲಬ್ ಕಾರ್ಡು, ಪಂದ್ಯದ ಪತ್ರ ಜೊತೆಗಿರಲಿ.

ರೈಫಲ್ ಕ್ಲಬ್ಬಿನಲ್ಲೇ ಇದ್ದರೆ ಈ ತಲೆನೋವು ಇಲ್ಲ. ಕೋವಿ ಮನೆಗೆ ಬೇಡ, ಒಂದು ಕಡೆ ಬೀಗದಲ್ಲಿರಲಿ ಅನ್ನೋದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಇದೇ.

ಬೇಡ ಅನ್ನೋರ ಮಾತಿನಲ್ಲೂ ಹುರುಳಿದೆ

ಶಾಲೆಗಳಲ್ಲಿ ದೈಹಿಕ ಶಿಕ್ಷಕರಿಲ್ಲ, ಮೈದಾನಕ್ಕೆ ಬೇಲಿ ಇಲ್ಲ, ಕಬಡ್ಡಿಗೆ ಮ್ಯಾಟ್ ಇಲ್ಲ. ಇದರ ಮಧ್ಯೆ ಶೂಟಿಂಗ್ ಯಾಕೆ ಅನ್ನೋ ಪ್ರಶ್ನೆ ನ್ಯಾಯವಾದದ್ದು. ಕಬಡ್ಡಿಯ ದುಡ್ಡು ಕಿತ್ತು ಶೂಟಿಂಗಿಗೆ ಹಾಕಿ ಅಂತ ಯಾರೂ ಹೇಳಬಾರದು.

ಆದರೆ ಈ ಆಟಕ್ಕೆ ಮೈದಾನ ಬೇಡ. 10 ಮೀಟರ್ ಗುರಿ, ಹಿಂದೆ ನಿಲ್ಲಲು ನಾಲ್ಕೈದು ಮೀಟರ್, ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಪೆಟ್ಟಿಗೆ ಇಷ್ಟಿದ್ದರೆ ಸಾಕು. ಉದ್ದನೆಯ ಒಂದು ಹಾಲ್, ಖಾಲಿ ಬಿದ್ದ ಗೋದಾಮು ನಡೆಯುತ್ತದೆ. ಗುಂಡು ಹಾರುವ ಕಡೆ ಬಾಗಿಲು, ಕಿಟಕಿ ಇರಬಾರದು. ಪೆಲೆಟ್ ಸೀಸದ್ದು. ಹಾಗಾಗಿ ಗಾಳಿ ಆಡಬೇಕು, ಅಲ್ಲಿ ತಿಂಡಿ ತಿನ್ನಬಾರದು, ಆಡಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಉದುರಿದ ಸೀಸ ಗುಡಿಸಿ ಗುಜರಿಗೆ ಕೊಡಬೇಕೇ ಹೊರತು ಚರಂಡಿಗೆ ಹಾಕಬಾರದು.

ಕೋವಿ ಕಂಡರೆ ಮಕ್ಕಳು ಹಿಂಸೆ ಕಲೀತಾರೆ ಅನ್ನೋದು ಇನ್ನೊಂದು ಆತಂಕ. ಅದಕ್ಕೆ ಉತ್ತರ ರೇಂಜಿನೊಳಗೆ ಅರ್ಧ ಗಂಟೆ ಕೂತು ನೋಡಿದರೆ ಸಿಗುತ್ತದೆ. 75 ನಿಮಿಷದಲ್ಲಿ ಕೋವಿ ಹೆಚ್ಚು ಹೊತ್ತು ಸುಮ್ಮನೆ ಸ್ಟ್ಯಾಂಡ್ ಮೇಲಿರುತ್ತದೆ. ಹುಡುಗಿ ಎತ್ತುತ್ತಾಳೆ, ಗುರಿ ನೋಡುತ್ತಾಳೆ, ಮನಸ್ಸು ಸರಿಯಿಲ್ಲ ಅನ್ನಿಸಿದರೆ ಹೊಡೆಯದೆ ಮತ್ತೆ ಇಳಿಸುತ್ತಾಳೆ. ಹೊಡೆಯದೆ ಇಳಿಸೋದನ್ನು ಕಲಿಯೋದೇ ಈ ಆಟದ ಅರ್ಧ ಪಾಠ. ಸಿಟ್ಟಿನಲ್ಲಿ, ಅವಸರದಲ್ಲಿ ಇಲ್ಲಿ ಯಾರೂ ಗೆದ್ದಿಲ್ಲ.

ಮುಂದಿನ ದಾರಿ

ಪೋಷಕರು ಮೊದಲ ಆರು ತಿಂಗಳು ಕೋವಿ ಕೊಳ್ಳುವ ಯೋಚನೆಯನ್ನೇ ಬದಿಗಿಡಬಹುದು. ಶೂಟರ್‌ಗಳ ಅಭ್ಯಾಸದಲ್ಲಿ ದೊಡ್ಡ ಪಾಲು ಪೆಲೆಟ್ ಇಲ್ಲದೆ ಬರೀ ಎತ್ತಿ, ಗುರಿ ಹಿಡಿದು, ಟ್ರಿಗರ್ ಒತ್ತುವ ಡ್ರೈ ಫೈರಿಂಗ್. ಮಗುವಿಗೆ ನಿಜವಾಗಿ ಆಸಕ್ತಿ ಇದೆಯೋ, ಟಿವಿ ನೋಡಿ ಹುಟ್ಟಿದ ಹುಮ್ಮಸ್ಸೋ ಅನ್ನೋದು ಕ್ಲಬ್ಬಿನ ರೈಫಲ್ಲಿನಲ್ಲೇ ಗೊತ್ತಾಗುತ್ತದೆ. ಪಂದ್ಯಗಳಿಗೆ ಹೋಗಬೇಕಾದ್ದು ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ನಿಗೆ ಸೇರಿದ ಕ್ಲಬ್ ಮೂಲಕ. ಯಾವ ತರಬೇತಿ ಕೇಂದ್ರಕ್ಕೆ ಫೀಸು ಕಟ್ಟುವ ಮೊದಲೂ ಆ ಮಾನ್ಯತೆ ಇದೆಯಾ ಅಂತ ಕೇಳಲೇಬೇಕು.

ಕಾಲೇಜುಗಳಿಗೆ ಎನ್‌ಸಿಸಿ ಒಂದು ಸಿದ್ಧ ದಾರಿ. ಕೆಡೆಟ್‌ಗಳು ಕ್ಯಾಂಪಿನಲ್ಲಿ .22 ರೈಫಲ್ ಹೊಡೆದು ಬರುತ್ತಾರೆ, ಶಿಸ್ತು ಗೊತ್ತಿರುತ್ತದೆ. ವಾಪಸ್ ಬಂದ ಮೇಲೆ ಅವರಿಗೆ ಮುಂದುವರಿಯಲು ಜಾಗವಿಲ್ಲ. ಒಂದು ಹಾಲ್, ಹಂಚಿಕೊಳ್ಳಲು ಎರಡು ಏರ್ ರೈಫಲ್, ಊರಲ್ಲೇ ಮಾಡಿಸಿದ ನಾಲ್ಕು ಸ್ಟ್ಯಾಂಡ್, ಅದರಲ್ಲಿ ಒಂದು ಸ್ಪ್ರಿಂಗಿನದ್ದು: ಇಷ್ಟರಿಂದ ಒಂದು ತಾಲ್ಲೂಕು ಶುರು ಮಾಡಬಹುದು. ಖೇಲೋ ಇಂಡಿಯಾದಲ್ಲಿ ಶೂಟಿಂಗ್ ಇದೆ, ಶಾಲಾ ರಾಷ್ಟ್ರೀಯ ಕೂಟದಲ್ಲೂ ಇದೆ. ಅಲ್ಲಿಗೆ ಹೋಗುವ ಮೆಟ್ಟಿಲು ಮಾತ್ರ ತಾಲ್ಲೂಕಿನಲ್ಲಿ ಇಲ್ಲ.

ಕುಸಾಳೆಯ ಅಪ್ಪ ಮಗನ ಆಟಕ್ಕೆ ಸಾಲ ಮಾಡಿದ್ದರು ಅನ್ನೋದನ್ನು ಆಗ ಎಲ್ಲ ಪತ್ರಿಕೆಗಳೂ ಹೊಗಳಿ ಬರೆದವು. ಮಗ ಗೆದ್ದ, ಸಾಲ ಸಾರ್ಥಕವಾಯಿತು. ಗೆಲ್ಲದೇ ಹೋದ ಮಕ್ಕಳ ಅಪ್ಪಂದಿರ ಸಾಲದ ಲೆಕ್ಕ ಯಾವ ಪತ್ರಿಕೆಯಲ್ಲೂ ಬರೋಲ್ಲ. ಹೊಸ ಅಗ್ರಹಾರದ ರೈತನೊಬ್ಬ ಮಗಳ ಆಸೆಗೆ ಗದ್ದೆ ಅಡ ಇಡಬೇಕಾಗದಿರಲಿ ಅಂದರೆ, ಕೋವಿಯ ಅಂಗಡಿಗೆ ಹೋಗುವ ಮುಂಚೆ ಪೇಟೆಯ ವೆಲ್ಡಿಂಗ್ ಶಾಪಿಗೆ ಹೋಗಿ ಅಳತೆ ಕೊಡೋದು ಒಳ್ಳೆಯದು. ಸ್ಟ್ಯಾಂಡ್ ಮೊದಲು ನಿಲ್ಲಲಿ. ಕೋವಿ ಆಮೇಲೆ ಬಂದು ಅದರ ಮೇಲೆ ಕೂರುತ್ತದೆ.